ಪಾಂಡವಪುರದ ಆಕಾಶಕ್ಕೆ ಯಾವ ಬಣ್ಣ?

ಮೇ ತಿಂಗಳ ಮಧ್ಯಾಹ್ನ ಪಾಂಡವಪುರ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ನಿಂತು ಉತ್ತರಕ್ಕೆ ನೋಡಿ. ಆಕಾಶದ ಬುಡದಲ್ಲಿ ನೀಲಿ ಇರುವುದಿಲ್ಲ. ತಲೆ ಎತ್ತಿದರೆ ಇದೆ, ಚೆನ್ನಾಗೇ ಇದೆ. ಕಣ್ಣು ಇಳಿಸುತ್ತ ಬಂದ ಹಾಗೆ ಅದು ತೆಳುವಾಗುತ್ತದೆ. ತೆಂಗಿನ ತೋಟಗಳ ತಲೆ ಮುಟ್ಟುವ ಹೊತ್ತಿಗೆ ಬರೀ ಬಿಳಿ. ಅದೂ ಸುಣ್ಣದ ಬಿಳಿಯಲ್ಲ, ಒಂದು ಚೂರು ಮಣ್ಣು ಸೇರಿದ ಬಿಳಿ. ಅದರ ಮುಂದೆ ಕುಂತಿ ಬೆಟ್ಟದ ಬಂಡೆಗಳು ನಿಂತಿರುತ್ತವೆ, ಅವಕ್ಕೂ ಗಟ್ಟಿ ಬಣ್ಣ ಇರುವುದಿಲ್ಲ. ಈ ಬಿಳಿ ನನ್ನನ್ನು ತುಂಬ ಕಾಲದಿಂದ ಕಾಡುತ್ತಿದೆ. ಯಾಕೆ ಅಂದರೆ ಅದನ್ನು ನಾನು ಹಲಗೆ ಮೇಲೆ ಬರೆಯಬೇಕು.

ನಾವು ಕೆಲವು ಗೆಳೆಯರು ಸೇರಿ ಮೈಸೂರಿನ ಯಾದವಗಿರಿಯ ಒಂದು ಮಹಡಿ ಕೋಣೆಯಲ್ಲಿ ಮಾಡೆಲ್ ರೈಲಿನ ಲೇಔಟ್ ಕಟ್ಟುತ್ತಿದ್ದೇವೆ, ಅಂದರೆ ಹಳಿ, ಸ್ಟೇಷನ್, ಊರು ಎಲ್ಲ ಸೇರಿದ ಪುಟ್ಟ ಮಾದರಿ. ಮೈಸೂರು, ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ. 1980ರ ದಶಕದಲ್ಲಿ ಇದ್ದ ಹಾಗೆ, ಬ್ರಾಡ್ ಗೇಜ್ ಬರುವ ಮುಂಚಿನ ಮೀಟರ್ ಗೇಜ್ ದಾರಿ. ಅಳತೆ ಎಚ್‌ಒ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಒಂದು ಮೀಟರ್ ಅಗಲದ ಮೀಟರ್ ಗೇಜ್ ಹಳಿ ಇಲ್ಲಿ 12 ಮಿಲಿಮೀಟರ್ ಅಗಲಕ್ಕೆ ಇಳಿಯುತ್ತದೆ. ಇಂಜಿನ್, ಬೋಗಿ, ವೈರಿಂಗ್, ಸಿಗ್ನಲ್ ಎಲ್ಲ ಉಳಿದವರ ಕೈಕೆಲಸ. ನನ್ನ ಪಾಲಿಗೆ ಬಂದದ್ದು ಹಿಂದಿನ ಹಲಗೆ. ಹಳಿಯ ಹಿಂದೆ ಗೋಡೆಗುಂಟ ನಿಲ್ಲುವ ಬ್ಯಾಕ್‌ಡ್ರಾಪ್. ಆಕಾಶ, ಬೆಟ್ಟ, ದೂರದ ತೋಟ.

ಈ ಹವ್ಯಾಸದಲ್ಲಿ ಕೊನೆಗೆ ಉಳಿಯುವ ಕೆಲಸ ಇದೇ. ಬೇರೆ ಊರುಗಳಲ್ಲಿ ಕಟ್ಟಿದ ಲೇಔಟ್‌ಗಳನ್ನು ನೋಡಿದ್ದೇನೆ. ಸ್ಟೇಷನ್ನಿನ ಹೆಂಚನ್ನು ಒಂದೊಂದಾಗಿ ಕೂರಿಸಿರುತ್ತಾರೆ. ಬೋಗಿಯ ಕಿಟಕಿ ಸರಳು ಕೂಡ ಲೆಕ್ಕಕ್ಕೆ ಸರಿಯಾಗಿರುತ್ತದೆ. ಹಿಂದೆ ಮಾತ್ರ ಒಂದೇ ನೀಲಿ ಬಳಿದ ಗೋಡೆ. ಇಲ್ಲವೇ ಅಚ್ಚು ಹಾಕಿಸಿದ ಹಾಳೆ, ಅದರಲ್ಲಿ ಪೈನ್ ಮರ, ಹಿಮದ ತುದಿ. ಆ ಹಾಳೆಗಳು ಹೆಚ್ಚಾಗಿ ಜರ್ಮನಿಯ ಕಂಪನಿಗಳದ್ದು. ತುಂಬ ಶ್ರದ್ಧೆಯಿಂದ ಮಾಡಿರುತ್ತಾರೆ, ಅವರ ಊರಿನ ರೈಲಿಗೆ ಅದು ಸರಿಯಾಗೇ ಹೊಂದುತ್ತದೆ. ಆದರೆ ಅದರ ಮುಂದೆ ನಮ್ಮ ಕಬ್ಬಿನ ಗದ್ದೆ ಇಟ್ಟರೆ ಎರಡೂ ಸುಳ್ಳಾಗುತ್ತವೆ. ಗೋಡೆ ಗೋಡೆಯಾಗಿ ಕಂಡ ಕೂಡಲೇ ರೈಲು ಆಟದ ಸಾಮಾನಾಗಿಬಿಡುತ್ತದೆ. ಅಷ್ಟು ಕಷ್ಟಪಟ್ಟು ಕಟ್ಟಿದವರ ಕೆಲಸ ಹಿಂದಿನ ಒಂದು ಹಾಳೆಯಿಂದ ಚಿಕ್ಕದಾಗುತ್ತದಲ್ಲ, ಅದು ನನಗೆ ನಿಜವಾಗಿ ನೋವು ಕೊಡುತ್ತದೆ.

ಸುಮ್ನೆ ಬಣ್ಣ ಬದಲಿಸಿದರೆ ಸರಿಹೋಗುವ ವಿಷಯವೂ ಇದಲ್ಲ. ದೂರ ಅನ್ನುವುದು ಊರಿಂದ ಊರಿಗೆ ಬೇರೆ. ಮಂಡ್ಯದ ದೂರ ಮಡಿಕೇರಿಯ ದೂರ ಅಲ್ಲ. ನಮ್ಮ ಗಾಳಿ, ನಮ್ಮ ಧೂಳು, ನಮ್ಮ ನೀರಾವರಿಯ ತೇವ, ಇವೆಲ್ಲ ಸೇರಿ ನಮ್ಮ ದೂರವನ್ನು ಮಾಡುತ್ತವೆ. ಅದನ್ನು ಯಾರೂ ಅಚ್ಚು ಹಾಕಿ ಮಾರುತ್ತಿಲ್ಲ. ನಾವೇ ಹೋಗಿ ನೋಡಿಕೊಂಡು ಬಂದು ಬರೆಯಬೇಕು.

ಮೈಸೂರಿನವರಿಗೆ ಈ ಆಸೆ ಹೊಸದಲ್ಲ ಅಂತಲೂ ಅನ್ನಿಸುತ್ತದೆ. ದಸರಾ ಗೊಂಬೆ ಕೂರಿಸುವಾಗ ಮೆಟ್ಟಿಲ ಕೆಳಗೆ ಪಾರ್ಕ್ ಮಾಡುತ್ತೇವಲ್ಲ. ರಾಗಿ ಪೈರು ಬೆಳೆಸಿ ಹುಲ್ಲು, ಕನ್ನಡಿ ಇಟ್ಟು ಕೆರೆ, ಮಣ್ಣು ಗುಡ್ಡೆ ಹಾಕಿ ಚಾಮುಂಡಿ ಬೆಟ್ಟ. ಕೀಲಿ ಕೊಟ್ಟ ರೈಲು ಬೇರೆ. ನಮ್ಮ ಗುಂಪಿನ ಅರ್ಧ ಜನಕ್ಕೆ ಹುಚ್ಚು ಹತ್ತಿದ್ದು ಅಲ್ಲೇ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಅಂತ ಒಬ್ಬರಿದ್ದರು. ಮಾಡೆಲ್ ರೈಲಿನವರಿಗೆಲ್ಲ ಅವರು ದೊಡ್ಡ ಹೆಸರು. ತಮ್ಮ ಲೇಔಟ್‌ನಲ್ಲಿ ಜಾಗ ಹಿಗ್ಗಿಸಲು ಅವರೂ ಕನ್ನಡಿಗಳನ್ನು ಅಡಗಿಸಿ ಇಡುತ್ತಿದ್ದರು. 1973ರ ಜನವರಿಯಲ್ಲಿ ಅವರು ತೀರಿಕೊಂಡರು, ಕೆಲವೇ ದಿನಗಳಲ್ಲಿ ಆ ಲೇಔಟ್ ಬೆಂಕಿಗೆ ಹೋಯಿತು. ಫೋಟೋಗಳು ಉಳಿದಿವೆ. ಅವನ್ನು ನೋಡುವಾಗ ನನಗೆ ಅಜ್ಜಿ ಮನೆಯ ಕನ್ನಡಿ ಕೆರೆ ನೆನಪಾಗುತ್ತದೆ.

ಬೆಟ್ಟ ಎಷ್ಟು ಎತ್ತರ?

ಮೊದಲು ಲೆಕ್ಕ. ಲೆಕ್ಕ ಮಾಡಿದ ಮೇಲೆಯೇ ಈ ಕೆಲಸದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು.

ಎಚ್‌ಒ ಅಳತೆಯಲ್ಲಿ ಒಂದು ಕಿಲೋಮೀಟರ್ ಅಂದರೆ ಹನ್ನೊಂದೂವರೆ ಮೀಟರ್. ನಮ್ಮ ಕೋಣೆಯೇ ಅಷ್ಟಿಲ್ಲ. ಮೈಸೂರಿಂದ ಮಂಡ್ಯಕ್ಕೆ ಇರುವ ಸುಮಾರು 45 ಕಿಲೋಮೀಟರನ್ನು ಅಳತೆ ಪ್ರಕಾರ ಹಾಸಿದರೆ ಅರ್ಧ ಕಿಲೋಮೀಟರ್ ದಾಟುತ್ತದೆ. ಚಾಮುಂಡಿ ಬೆಟ್ಟ ಊರಿನ ನೆಲದಿಂದ ಹೆಚ್ಚುಕಡಿಮೆ 300 ಮೀಟರ್ ಎತ್ತರ. 87ರಿಂದ ಭಾಗಿಸಿದರೆ ಮೂರೂವರೆ ಮೀಟರ್ ಹತ್ತಿರ. ಅದನ್ನು ಮಾಡಿಟ್ಟರೆ ತುದಿ ಸೀಲಿಂಗ್ ತೂತು ಮಾಡಿಕೊಂಡು ಹೋಗಬೇಕು. ಹಾಗಾಗಿ ಬೆಟ್ಟವನ್ನು ಕಟ್ಟುವ ಮಾತೇ ಇಲ್ಲ, ಬರೆಯಬೇಕು. ಬರೆಯುವಾಗ ಲೆಕ್ಕ ಉಲ್ಟಾ ಆಗುತ್ತದೆ.

ನಾಗನಹಳ್ಳಿ ಹತ್ತಿರ ನಿಂತರೆ ಚಾಮುಂಡಿ ಬೆಟ್ಟ ಹತ್ತು ಹನ್ನೊಂದು ಕಿಲೋಮೀಟರ್ ದೂರ. ಹತ್ತು ಅಂತಲೇ ಇಟ್ಟುಕೊಳ್ಳೋಣ. ಹತ್ತು ಸಾವಿರ ಮೀಟರಿಗೆ 300 ಮೀಟರ್ ಎತ್ತರ, ಅಂದರೆ ನೂರಕ್ಕೆ ಮೂರು. ಲೇಔಟ್ ಮುಂದೆ ನಿಂತವರ ಕಣ್ಣಿಂದ ಹಲಗೆ ಒಂದು ಮೀಟರ್ ದೂರದಲ್ಲಿದ್ದರೆ ಬೆಟ್ಟ ಎಷ್ಟು ಎತ್ತರ ಬರಬೇಕು? ಮೂರು ಸೆಂಟಿಮೀಟರ್. ಹೆಬ್ಬೆರಳಿನ ಮೊದಲ ಗಿಣ್ಣಿನಷ್ಟು. ನನಗೂ ಮೊದಲು ನಂಬಿಕೆ ಬರಲಿಲ್ಲ. ಹೊರಗೆ ಹೋಗಿ ಕೈ ಚಾಚಿ ಸ್ಕೇಲ್ ಹಿಡಿದು ಅಳೆದು ನೋಡಿ. ತೋಳಿನ ದೂರ ಒಂದು ಮೀಟರಿಗಿಂತ ಕಡಿಮೆ, ಆದ್ದರಿಂದ ಸ್ಕೇಲಿನ ಮೇಲೆ ಇನ್ನೂ ಚಿಕ್ಕದಾಗಿಯೇ ಕಾಣುತ್ತದೆ. ನಮ್ಮ ಮನಸ್ಸಿನಲ್ಲಿ ಆ ಬೆಟ್ಟ ಅರ್ಧ ಆಕಾಶ ತುಂಬಿಕೊಂಡಿದೆ. ಮನಸ್ಸಿಂದ ಬರೆದರೆ ಒಂದು ಅಡಿ ಎತ್ತರ ಬರೆಯುತ್ತೇವೆ. ಒಂದು ಅಡಿ ಬರೆದ ಕೂಡಲೇ ಅದು ನೂರು ಹೆಜ್ಜೆ ಆಚೆ ಇರುವ ಮಣ್ಣಿನ ಗುಡ್ಡೆ ಆಗುತ್ತದೆ. ದೂರ ಹೋಯಿತು.

ತೆಂಗಿನ ಮರಕ್ಕೂ ಅದೇ ಲೆಕ್ಕ. ಒಂದು ಕಿಲೋಮೀಟರ್ ಆಚೆ ಇರುವ 15 ಮೀಟರ್ ಮರ ಹಲಗೆ ಮೇಲೆ ಒಂದೂವರೆ ಸೆಂಟಿಮೀಟರ್. ಅಷ್ಟರಲ್ಲಿ ಗರಿ ಬಿಡಿಸಿ ಬರೆಯಲು ಜಾಗವೇ ಇಲ್ಲ. ಬರೆಯಬಾರದು ಕೂಡ. ಒಂದು ಕಿಲೋಮೀಟರ್ ಆಚೆಯ ಗರಿ ನಮಗೆ ಯಾವತ್ತೂ ಬಿಡಿಬಿಡಿಯಾಗಿ ಕಂಡಿಲ್ಲ. ಒಂದು ಕಪ್ಪು ಹಸಿರಿನ ಚುಕ್ಕೆ, ಕೆಳಗೆ ಕೂದಲೆಳೆಯಷ್ಟು ಗೆರೆ. ಇನ್ನೂ ಆಚೆ ಹೋದರೆ ಗೆರೆಯೂ ಇಲ್ಲ, ಮರಗಳೆಲ್ಲ ಸೇರಿ ಒಂದೇ ಪಟ್ಟಿ.

ಪರದೆ ಬರೆಯುತ್ತಿದ್ದ ಯಜಮಾನರು

ನಮ್ಮ ಗುಂಪಿನ ಒಬ್ಬರ ಮನೆ ಹತ್ತಿರ ಒಬ್ಬ ಹಿರಿಯರಿದ್ದರು. ವಯಸ್ಸಿನಲ್ಲಿದ್ದಾಗ ನಾಟಕ ಕಂಪನಿಗಳಿಗೆ ಪರದೆ ಬರೆದವರು, ಆಮೇಲೆ ಸ್ಟುಡಿಯೋಗಳಿಗೂ ಬರೆದವರು. ಫೋಟೋ ತೆಗೆಸಿಕೊಳ್ಳುವಾಗ ಹಿಂದೆ ತೋಟ, ಕಮಾನು, ಮೆಟ್ಟಿಲು ಇರುವ ಪರದೆ ಇರುತ್ತಿತ್ತಲ್ಲ, ಅದು. ಎಲ್ಲರೂ ಅವರನ್ನು ಯಜಮಾನರೇ ಅಂತಲೇ ಕರೆಯುತ್ತಿದ್ದರು. ಒಂದು ಸಂಜೆ ಅವರನ್ನು ಕೈ ಹಿಡಿದು ಮಹಡಿ ಹತ್ತಿಸಿಕೊಂಡು ಬಂದೆವು.

ಅವರು ಬಂದ ಕೂಡಲೇ ಆಕಾಶ ನೋಡಲಿಲ್ಲ. ರೈಲು ಓಡಿಸಿ ಅಂದರು. ವೈಪಿ ಅನ್ನುವ ಉಗಿ ಇಂಜಿನ್ ನಾಲ್ಕು ಬೋಗಿ ಎಳೆದುಕೊಂಡು ಪಾಂಡವಪುರ ದಾಟಿತು. ಅವರು ಸ್ಟೂಲ್ ಮೇಲೆ ಕೂತು ನೋಡಿದರು, ಎದ್ದು ನಿಂತು ನೋಡಿದರು, ಆಮೇಲೆ ಕೋಣೆಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆಯುತ್ತ ನೋಡಿದರು. ಆಗ ಬಾಯಿ ಬಿಟ್ಟರು.

“ಇಲ್ಲಿ ಜನ ಕೂರಲ್ಲ ಅಲ್ವೇನಪ್ಪಾ? ಓಡಾಡ್ತಾರೆ.”

“ಹೌದು ಯಜಮಾನ್ರೇ. ರೈಲಿನ ಜೊತೆಗೇ ನಡೀತಾರೆ.”

“ಹಾಗಾದ್ರೆ ರಸ್ತೆ ಬರೀಬೇಡ. ನಂಗೆ ಬರೋದೇ ಬೀದಿ ಸೀನು. ಆದ್ರೂ ಹೇಳ್ತೀನಿ, ಇಲ್ಲಿ ರಸ್ತೆ ಬರೀಬೇಡ.”

ಕಂಪನಿ ನಾಟಕದ ಬೀದಿ ಸೀನು ನೋಡಿದವರಿಗೆ ಗೊತ್ತು. ಎರಡೂ ಕಡೆ ಮಹಡಿ ಮನೆಗಳ ಸಾಲು, ನಡುವೆ ರಸ್ತೆ ದೂರಕ್ಕೆ ಹೋಗಿ ಒಂದು ಚುಕ್ಕೆಯಲ್ಲಿ ಸೇರುತ್ತದೆ. ಥಿಯೇಟರಿನ ನಡುಸಾಲಿನಲ್ಲಿ ಕೂತವರಿಗೆ ಆ ರಸ್ತೆ ನಿಜವಾಗಿ ಒಳಗೆ ಹೋಗುತ್ತದೆ. ಪಕ್ಕದ ಬೆಂಚಿನವರಿಗೆ ಸ್ವಲ್ಪ ಸೊಟ್ಟ. ಅವರು ಎದ್ದು ಓಡಾಡುವುದಿಲ್ಲ, ಅದಕ್ಕೇ ನಡೆದುಹೋಗುತ್ತದೆ. ಲೇಔಟ್ ಮುಂದೆ ನಿಂತವರು ಎರಡು ಹೆಜ್ಜೆ ಸರಿದರೆ ಸಾಕು. ಮುಂದೆ ಮಾಡೆಲ್ ರಸ್ತೆ ಒಂದು ಕಡೆ, ಹಲಗೆ ಮೇಲೆ ಬರೆದ ರಸ್ತೆ ಇನ್ನೊಂದು ಕಡೆ ತಿರುಗಿ ನಿಲ್ಲುತ್ತದೆ. ಸೇರಿಸಿದ ಜಾಗ ಮುರಿದುಕೊಳ್ಳುತ್ತದೆ. ಅದಕ್ಕೇ ನೋಡುವವರಿಂದ ಆಚೆಗೆ ಓಡುವ ಯಾವ ಗೆರೆಯೂ ಹಲಗೆ ಮೇಲೆ ಬೇಡ. ಅಡ್ಡ ಹೋಗುವ ಗೆರೆಗಳು ಬೇಕು. ನಾಲೆ ಏರಿ, ಗದ್ದೆ ಬದು, ತೆಂಗಿನ ಸಾಲು, ಬೆಟ್ಟದ ಸಾಲು. ಎಲ್ಲಿ ನಿಂತು ನೋಡಿದರೂ ಅವು ಕೆಡುವುದಿಲ್ಲ. ನಮ್ಮ ಅದೃಷ್ಟಕ್ಕೆ ಮಂಡ್ಯದ ಬಯಲು ಇರುವುದೇ ಹಾಗೆ, ಪಟ್ಟಿ ಪಟ್ಟಿ.

ಆ ಸಂಜೆ ಅವರು ಇನ್ನೊಂದು ಮಾತು ಹೇಳಿದರು. ಹಲಗೆಯ ಒಂದು ಮೂಲೆಯಲ್ಲಿ ನಾನು ಬರೆದಿದ್ದ ಮೋಡಗಳನ್ನು ತುಂಬ ಹೊತ್ತು ನೋಡಿ, “ಮೋಡ ಚೆನ್ನಾಗಿದೆ. ಅಳಿಸಿಬಿಡು” ಅಂದರು. ಯಾಕೆ ಅಂತ ಕೇಳಿದೆ. “ರಾಜನ ಪಾರ್ಟು ಬಂದು ನಿಂತಾಗ ಜನ ರಾಜನ್ನ ನೋಡ್ಬೇಕು. ಅರಮನೆ ಪರದೆ ಇರೋದು ಅವನು ರಾಜ ಅಂತ ನಂಬೋಕೆ. ನಿನ್ನ ರಾಜ ರೈಲು ಕಣಪ್ಪಾ.”

ನಾನು ಒಪ್ಪಿದೆ, ಆದರೆ ಪೂರ್ತಿ ಅಲ್ಲ. ಗುಬ್ಬಿ ಕಂಪನಿಯಂಥ ದೊಡ್ಡ ಕಂಪನಿಗಳ ಕಾಲದಲ್ಲಿ ಜನ ಸೀನು ಸೀನರಿ ನೋಡಲೆಂದೇ ಬರುತ್ತಿದ್ದರು, ಪರದೆ ಎದ್ದರೆ ಚಪ್ಪಾಳೆ ಬೀಳುತ್ತಿತ್ತು ಅಂತ ಹಿರಿಯರೇ ಹೇಳುತ್ತಾರೆ. ಯಜಮಾನರಿಗೂ ಅದನ್ನೇ ಹೇಳಿದೆ. ಅವರು ನಕ್ಕು, ಅದು ಬೇರೆ ಕೆಲಸ, ಅಲ್ಲಿ ಪರದೆಯೂ ಒಂದು ಪಾರ್ಟು ಅಂದರು. ಇಲ್ಲಿ ಅಲ್ಲ. ಈಗ ನಮ್ಮ ಆಕಾಶದಲ್ಲಿ ಮೋಡ ಇದೆ, ಎರಡೇ ಕಡೆ, ತುಂಬ ತೆಳುವಾಗಿ. ಅಂಚು ಇಲ್ಲದ ಮೋಡ.

ಅವರು ಬಣ್ಣ ಕಲಸಿ ತೋರಿಸಿದ್ದು ಮರೆಯಲಾಗದು. ಪುಡಿ ಬಣ್ಣಕ್ಕೆ ಅಂಟಿನ ನೀರು ಹಾಕಿ ಕಲಸುವ ಕಾಲದವರು ಅವರು. ಆ ಬಣ್ಣ ಒಣಗಿದರೆ ತುಂಬ ತಿಳಿಯಾಗುತ್ತದೆ. ಅದಕ್ಕೇ ಅವರ ಕೈ ತಾನಾಗಿ ಗಾಢವಾಗಿ ಕಲಸುತ್ತದೆ, ಒಣಗಿದ ಮೇಲಿನ ಬಣ್ಣ ಅವರ ಕಣ್ಣಲ್ಲಿ ಮೊದಲೇ ಇರುತ್ತದೆ. ನಮ್ಮ ಅಕ್ರಿಲಿಕ್, ಎಮಲ್ಷನ್ ಉಲ್ಟಾ. ಒಣಗಿದರೆ ಒಂದು ಚೂರು ಗಾಢವಾಗುತ್ತವೆ. ಅವರು ರಟ್ಟಿನ ಮೇಲೆ ಒಂದು ಪಟ್ಟಿ ಬಳಿದು, ಒಣಗುವುದನ್ನೇ ನೋಡುತ್ತ ಕೂತು, “ಇದು ಹಿಂದಕ್ಕೆ ಹೋಗೋ ಬಣ್ಣ ಅಲ್ಲ, ಮುಂದಕ್ಕೆ ಬರೋ ಬಣ್ಣ” ಅಂದರು. ಎರಡನೇ ಪಟ್ಟಿಗೇ ಲೆಕ್ಕ ಹಿಡಿದರು. ಒಂದು ಜೀವಮಾನದ ಅಭ್ಯಾಸವನ್ನು ಆ ವಯಸ್ಸಿನಲ್ಲಿ ಹತ್ತು ನಿಮಿಷಕ್ಕೆ ತಿರುಗಿಸಿಕೊಂಡರು. ದೂರದ ಮರಗಳಿಗೆ ಬ್ರಷ್ ಮುಟ್ಟಲೇ ಇಲ್ಲ. ಹಳೇ ಪಂಚೆಯ ತುಂಡನ್ನು ಸುತ್ತಿ, ಬಣ್ಣಕ್ಕೆ ಅದ್ದಿ, ಬೇರೆ ಬಟ್ಟೆ ಮೇಲೆ ಒತ್ತಿ ಹೆಚ್ಚಿನದನ್ನು ತೆಗೆದು, ಹಲಗೆಗೆ ಮೆಲ್ಲಗೆ ತಟ್ಟುತ್ತ ಹೋದರು. ತೋಟ ಬಂತು.

ಬಿಳಿ ಎಲ್ಲಿಂದ ಬರುತ್ತದೆ

ಬಣ್ಣದ ವಿಷಯಕ್ಕೆ ಬಂದರೆ ನಾನು ಸುಲಭಕ್ಕೆ ಬಿಡುವವನಲ್ಲ. ಹಳಿ ಪಕ್ಕದ ಬಯಲಿಗೆ ಎಲ್ಲ ಕಾಲದಲ್ಲೂ ಹೋಗಿದ್ದೇನೆ. ಬಿಳಿ ರಟ್ಟಿನಲ್ಲಿ ಸಣ್ಣ ಚೌಕಾಕಾರದ ಕಿಂಡಿ ಕತ್ತರಿಸಿಕೊಂಡು, ಒಂದು ಕಣ್ಣು ಮುಚ್ಚಿ, ಆ ಕಿಂಡಿಯಲ್ಲಿ ಬೆಟ್ಟ ನೋಡುವುದು. ಸುತ್ತಲಿನದೆಲ್ಲ ಮುಚ್ಚಿಹೋಗಿ ಬೆಟ್ಟದ ಬಣ್ಣ ಒಂದೇ ಉಳಿಯುತ್ತದೆ. ಹಸಿರು ಅಂದುಕೊಂಡದ್ದು ಬೂದಿಗೆ ಹತ್ತಿರದ ನೀಲಿ. ನೀಲಿ ಅಂದುಕೊಂಡದ್ದು ಬಿಳಿಗೆ ಹತ್ತಿರದ ಬೂದಿ. ಮನಸ್ಸು ಹೆಸರು ನೋಡುತ್ತದೆ, ಕಿಂಡಿ ಬಣ್ಣ ತೋರಿಸುತ್ತದೆ.

ಒಂದು ಏಪ್ರಿಲ್ ಮಧ್ಯಾಹ್ನ ಇನ್ನೂ ಕಣ್ಣಲ್ಲಿದೆ. ಪಾಂಡವಪುರದ ಹತ್ತಿರ ಕಬ್ಬು ಕಡಿದಾಗಿದ್ದ ಒಂದು ಗದ್ದೆ. ಜೊತೆಗೆ ನಮ್ಮ ವೈರಿಂಗ್ ನೋಡುವ ಗೆಳೆಯ. ನಾನು ಕಿಂಡಿಯಲ್ಲಿ ನೋಡಿ ಹೇಳುವುದು, ಅವನು ರಟ್ಟಿನ ಪಟ್ಟಿಗಳಿಗೆ ಬಣ್ಣ ಬಳಿದು ಎತ್ತಿ ಹಿಡಿಯುವುದು. ಗದ್ದೆಯವರು ದೂರದಿಂದ ನೋಡುತ್ತಿದ್ದರು. ಸರ್ವೆಯವರು ಅಂದುಕೊಂಡು ಬಂದರು. ನಾಲೆ ಕೆಲಸವಾ, ರೋಡ್ ಕೆಲಸವಾ ಅಂತ ವಿಚಾರಿಸಿದರು. ವಿಷಯ ಹೇಳಿದ ಮೇಲೆ ಅವರೂ ಕಿಂಡಿ ಈಸ್ಕೊಂಡು ನೋಡಿದರು. ದಿನಾ ನೋಡುವ ಕುಂತಿ ಬೆಟ್ಟವನ್ನು ಸುಮಾರು ಹೊತ್ತು ನೋಡಿ, “ಬೆಟ್ಟ ಕಲ್ಲಿನ ಬಣ್ಣಕ್ಕೇ ಇಲ್ವಲ್ಲ ಸಾ” ಅಂದರು. ಅಷ್ಟು ಹೇಳಿ ಬಿಡಲಿಲ್ಲ. “ಈಗ ಧೂಳು. ಒಂದು ಮಳೆ ಆಗ್ಲಿ ಬನ್ನಿ, ಬೆಟ್ಟ ಈ ಕಡೆ ಬಂದು ನಿಂತ್ಕೊಳ್ಳುತ್ತೆ” ಅಂದರು.

ನಾನು ಓದಿ ತಿಳಿದದ್ದನ್ನು ಅವರು ಬಯಲಲ್ಲಿ ನಿಂತು ಹೇಳಿದ್ದರು. ಗಾಳಿಯ ಅಣುಗಳು ಬಿಸಿಲಿನ ನೀಲಿಯನ್ನು ಜಾಸ್ತಿ ಚೆದುರಿಸುತ್ತವೆ. ನೆತ್ತಿಯ ಮೇಲೆ ಗಾಳಿಯ ಪದರ ಕಡಿಮೆ, ಅಲ್ಲಿ ಗಾಢ ನೀಲಿ. ಅಂಚಿನ ಕಡೆ ನೋಡುವಾಗ ನಮ್ಮ ನೋಟ ತುಂಬ ಉದ್ದದ ಗಾಳಿಯನ್ನು ದಾಟಬೇಕು. ಅಲ್ಲಿ ಬೆಳಕು ಮತ್ತೆ ಮತ್ತೆ ಚೆದುರಿ ಬಣ್ಣಗಳೆಲ್ಲ ಬೆರೆತು ಬಿಳಿಯಾಗುತ್ತದೆ. ಅದರ ಮೇಲೆ ಧೂಳು, ಹೊಗೆ, ನೀರಿನ ಹನಿ. ಈ ಕಣಗಳು ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮವಾಗಿ ಚೆದುರಿಸುತ್ತವೆ. ಬೇಸಿಗೆಯಲ್ಲಿ ಒಣ ಹೊಲಗಳ ಧೂಳಿದೆ. ಕಬ್ಬು ಕಡಿದ ಮೇಲೆ ತರಗು ಸುಡುವ ಹೊಗೆಯಿದೆ, ಆಲೆಮನೆಗಳ ಹೊಗೆಯಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಗಳ ಮೇಲೆ ಬೆಳಗಿನ ತೇವವಿದೆ. ಮಳೆ ಬಂದು ಇವನ್ನೆಲ್ಲ ತೊಳೆದರೆ ಬೆಟ್ಟದ ಬಂಡೆಯ ಸೀಳು ಕೂಡ ಕಾಣುತ್ತದೆ. ಬೆಟ್ಟ ಈ ಕಡೆ ಬಂದು ನಿಲ್ಲುತ್ತದೆ, ಅವರು ಅಂದ ಹಾಗೆ.

ಅಂದರೆ ಬ್ಯಾಕ್‌ಡ್ರಾಪ್ ಬರೆಯುವ ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಮುಂದೆ ಪೈರು ಹಸಿರಾಗಿದ್ದು ಹಿಂದೆ ಏಪ್ರಿಲ್ ಆಕಾಶ ಇದ್ದರೆ ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ, ಆದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ನಮ್ಮ ಗುಂಪಿನಲ್ಲಿ ದಸರಾ ಆಸುಪಾಸಿನ ಆಕಾಶ ಬೇಕು ಅಂತ ಕೆಲವರು ಹಟ ಹಿಡಿದರು. ತೊಳೆದ ಆಕಾಶ, ಚೆಂದ. ನಾನು ಬೇಸಿಗೆಯ ಶುರು ಬೇಕು ಅಂತ ಹಿಡಿದೆ. ಕಬ್ಬು ತುಂಬಿದ ಗಾಡಿಗಳು, ಸಕ್ಕರೆ ಕಾರ್ಖಾನೆಯ ಹೊಗೆ, ಇಂಜಿನ್ನಿನ ಹೊಗೆ, ಎಲ್ಲ ಆ ಬಿಳಿಗೆ ಸೇರುತ್ತವೆ. ಕಡೆಗೆ ಫೆಬ್ರವರಿ ಅಂತ ಒಪ್ಪಿದೆವು. ನಾಲೆಯಲ್ಲಿ ನೀರಿದೆ, ಕಬ್ಬು ಇನ್ನೂ ನಿಂತಿದೆ, ಬುಡದಲ್ಲಿ ಧೂಳು ಶುರುವಾಗಿದೆ.

ದಿಕ್ಕೂ ಮುಖ್ಯ. ಪಾಂಡವಪುರದ ಹಲಗೆ ನೋಡುವವರು ಉತ್ತರಕ್ಕೆ ಮುಖ ಮಾಡಿರುತ್ತಾರೆ. ಫೆಬ್ರವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಅಂದರೆ ಅವರ ಬೆನ್ನ ಹಿಂದೆ. ಬೆಟ್ಟದ ಮೇಲೆ ಬಿಸಿಲು ನೇರ ಬೀಳುತ್ತದೆ, ಕಲ್ಲಿನ ಕೆಂಪು ಸ್ವಲ್ಪ ಉಳಿಯುತ್ತದೆ. ಎದುರು ಗೋಡೆಯ ಹಲಗೆಯಲ್ಲಿ ದಕ್ಷಿಣ ಇದೆ. ಅಲ್ಲಿ ಬೆಳಕು ಬೆಟ್ಟದ ಹಿಂದಿನಿಂದ ಬರುತ್ತದೆ. ಚಾಮುಂಡಿ ಬೆಟ್ಟ ಅಲ್ಲಿ ಒಂದೇ ಬಣ್ಣದ ನೆರಳು, ಒಳಗೆ ವಿವರವೇ ಇಲ್ಲ. ಒಂದೇ ಡಬ್ಬಿಯ ಬಣ್ಣದಲ್ಲಿ ಎರಡೂ ಗೋಡೆ ಬರೆಯಲಾಗುವುದಿಲ್ಲ.

ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ರಷ್ಯಾದ ಚಿತ್ರಕಾರ ರೋರಿಚ್ ಅವರ ಬೆಟ್ಟಗಳ ಮುಂದೆ ನಿಂತು ಪದರ ಪದರವಾಗಿ ಹಿಂದಕ್ಕೆ ಹೋಗುವುದನ್ನು ಕಲಿತೆ. ಬಣ್ಣ ಮಾತ್ರ ಅಲ್ಲಿಂದ ತರಲಿಲ್ಲ. ಅದು ಹಿಮಾಲಯದ ಗಾಳಿ.

ಬಳಿಯುವ ಕೆಲಸ

ಹಲಗೆ ತೆಳುವಾದ ಹಾರ್ಡ್‌ಬೋರ್ಡ್. ಕೋಣೆಯ ಮೂಲೆಯಲ್ಲಿ ಅದನ್ನು ಬಗ್ಗಿಸಿ ದುಂಡಗೆ ತಿರುಗಿಸಿದ್ದೇವೆ. ಚೌಕ ಮೂಲೆ ಬಿಟ್ಟರೆ ಆಕಾಶದಲ್ಲಿ ಒಂದು ಗೆರೆ ನಿಲ್ಲುತ್ತದೆ, ಆಕಾಶಕ್ಕೆ ಮೂಲೆ ಇರಬಾರದು. ಜಾಯಿಂಟ್‌ಗಳಿಗೆ ಬಟ್ಟೆ ಪಟ್ಟಿ ಅಂಟಿಸಿ ಪುಟ್ಟಿ ಹಾಕಿ ಉಜ್ಜಿದ್ದೇವೆ. ಆಮೇಲೆ ಪ್ರೈಮರ್, ಅದರ ಮೇಲೆ ಮ್ಯಾಟ್ ಎಮಲ್ಷನ್. ಹೊಳಪಿನ ಬಣ್ಣ ಬಂದರೆ ಲೈಟು ಅದರಲ್ಲಿ ಕಾಣುತ್ತದೆ, ಕೆಲಸ ಮುಗಿಯಿತು.

ಆಕಾಶವನ್ನು ಇಬ್ಬರು ಸೇರಿ ಬಳಿಯಬೇಕು. ಒಬ್ಬರು ಮೇಲಿಂದ ನೀಲಿ ಇಳಿಸುತ್ತ ಬರುವುದು, ಇನ್ನೊಬ್ಬರು ಕೆಳಗಿಂದ ಬಿಳಿ ಏರಿಸುತ್ತ ಹೋಗುವುದು. ನಡುವೆ ಎರಡೂ ಒದ್ದೆಯಾಗಿರುವಾಗಲೇ ಸೇರಬೇಕು. ಅಗಲ ಬ್ರಷ್ಷನ್ನು ಅಡ್ಡಡ್ಡ ಎಳೆಯುತ್ತಲೇ ಇರಬೇಕು. ಫ್ಯಾನ್ ಆಫ್, ಕಿಟಕಿ ಬಂದ್, ಸ್ಪ್ರೇ ಬಾಟಲಿಯಲ್ಲಿ ನೀರು. ಮೈಸೂರಿನ ಬೇಸಿಗೆಯಲ್ಲಿ ಈ ಕೆಲಸ ಆಗದು, ಕಣ್ಣು ಮಿಟುಕಿಸುವುದರಲ್ಲಿ ಒಣಗಿ ಪಟ್ಟೆ ಬೀಳುತ್ತದೆ. ನಾವು ಮಳೆಗಾಲಕ್ಕೆ ಕಾದೆವು. ಕೆಳಗಿನ ಬಿಳಿ ಅಂದೆನಲ್ಲ, ಅದಕ್ಕೆ ರಾ ಅಂಬರ್ ಅನ್ನುವ ಮಣ್ಣುಕಂದು ಒಂದು ಚೂರು, ಯೆಲ್ಲೋ ಓಕರ್ ಅನ್ನುವ ಮಣ್ಣುಹಳದಿ ಅದಕ್ಕಿಂತ ಕಡಿಮೆ. ಅದೇ ಬಿಳಿಯನ್ನು ಬೇರೆ ಡಬ್ಬಿಯಲ್ಲಿ ತೆಗೆದಿಟ್ಟು, ಬೆಟ್ಟದ ಬಣ್ಣಕ್ಕೂ ತೋಟದ ಬಣ್ಣಕ್ಕೂ ಬೆರೆಸುವುದು. ದೂರ ಹೋದಷ್ಟೂ ಜಾಸ್ತಿ. ಆಗ ಎಲ್ಲವೂ ಒಂದೇ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ.

ಈ ಶಿಸ್ತಿನಲ್ಲಿ ನಾನು ಗುರು ಅಂದುಕೊಂಡಿರುವುದು ಜೇಮ್ಸ್ ಪೆರಿ ವಿಲ್ಸನ್ ಅವರನ್ನು. ಮೊದಲು ಆರ್ಕಿಟೆಕ್ಟ್ ಆಗಿದ್ದವರು. 1930ರ ದಶಕದಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಸೇರಿ ಪ್ರಾಣಿಗಳ ಡಿಯೊರಾಮಾಗಳ, ಅಂದರೆ ಕಾಡಿನ ಹಾಗೇ ಜೋಡಿಸಿಟ್ಟ ದೃಶ್ಯಗಳ, ಹಿಂದಿನ ಬಾಗಿದ ಗೋಡೆಗಳನ್ನು ಬರೆದರು. ಬಾಗಿದ ಗೋಡೆಯಲ್ಲಿ ಚಿತ್ರ ಸೊಟ್ಟಗಾಗದಿರಲು ಗೆರೆಗಳ ಚೌಕಟ್ಟು ಹಾಕಿ ಲೆಕ್ಕದಿಂದ ಬರೆಯುವ ದಾರಿ ಕಂಡುಕೊಂಡರು. ನಮ್ಮಲ್ಲೇ ಕಾರಂಜಿ ಕೆರೆ ಪಕ್ಕದ ನೈಸರ್ಗಿಕ ಇತಿಹಾಸ ಮ್ಯೂಸಿಯಂ ಇದೆಯಲ್ಲ, 1995ರಲ್ಲಿ ಶುರುವಾದದ್ದು, ಅಲ್ಲಿಗೆ ಹೋದಾಗ ಪ್ರಾಣಿಗಳನ್ನು ಬಿಟ್ಟು ಹಿಂದಿನ ಗೋಡೆ ನೋಡಿ. ನೆಲದ ನಿಜ ಮಣ್ಣು ಎಲ್ಲಿ ನಿಂತಿದೆ, ಬರೆದದ್ದು ಎಲ್ಲಿ ಶುರುವಾಗಿದೆ ಅಂತ ಹುಡುಕಿ. ಮಕ್ಕಳನ್ನೂ ಹುಡುಕಲು ಹಚ್ಚಿ.

ನಮ್ಮ ಹಲಗೆಯಲ್ಲಿ ಆ ಗಡಿಯನ್ನು ನಾಲೆ ಏರಿ ಮುಚ್ಚುತ್ತದೆ. ಮೇಜಿನ ಹಿಂದಿನ ಅಂಚಿನಲ್ಲಿ ಏರಿ ಸ್ವಲ್ಪ ಎತ್ತರಿಸಿ, ಅದರ ಹಿಂದೆ ಒಂದು ಗೇಣು ಜಾಗ ಖಾಲಿ ಬಿಟ್ಟು ಹಲಗೆ. ಖಾಲಿ ಬಿಟ್ಟದ್ದು ನೆರಳಿಗಾಗಿ. ಮುಂದಿನ ಮರದ ನೆರಳು ಆಕಾಶದ ಮೇಲೆ ಬಿದ್ದರೆ ಯಾವ ಬಣ್ಣವೂ ಕಾಪಾಡಲಾರದು. ಲೈಟುಗಳನ್ನೂ ನೋಡುವವರ ಕಡೆಯಿಂದ ಕೆಳಗೆ ಬೀಳುವ ಹಾಗೆ ಹಾಕಿದ್ದೇವೆ, ಹಲಗೆಗೆ ಬೇರೆ ಎಲ್‌ಇಡಿ ಪಟ್ಟಿ. ಯಾವ ಬಲ್ಬಿನಲ್ಲಿ ನೋಡುತ್ತೇವೋ ಅದೇ ಬಲ್ಬಿನಲ್ಲಿ ಬಣ್ಣ ಕಲಸಬೇಕು.

ಬೆಟ್ಟ ಎಲ್ಲಿ ಅಂತ ಕೇಳುವವರಿಗೆ

ಲೇಔಟ್ ನೋಡಲು ಬಂದವರೆಲ್ಲ ಕೇಳುವುದು ಒಂದೇ. ಚಾಮುಂಡಿ ಬೆಟ್ಟ ಎಲ್ಲಿ? ತೋರಿಸಿದರೆ, ಇಷ್ಟೇನಾ ಅನ್ನುತ್ತಾರೆ. ನಮ್ಮ ಗುಂಪಿನವರೇ ಕೆಲವರು ಅದನ್ನು ದೊಡ್ಡದು ಮಾಡು, ಗೋಪುರ ಕಾಣಲಿ, ರಾತ್ರಿ ದೀಪ ಹಾಕೋಣ ಅಂತ ಕೇಳುತ್ತಲೇ ಇದ್ದಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ಊರಿನವರಿಗೆ ಅದು ಬರೀ ಬೆಟ್ಟ ಅಲ್ಲ. ಆದರೂ ನಾನು ಮೂರು ಸೆಂಟಿಮೀಟರ್ ಬಿಟ್ಟುಕೊಡುವುದಿಲ್ಲ. ಹತ್ತು ಕಿಲೋಮೀಟರ್ ಆಚೆ ಇರುವ ಬೆಟ್ಟವನ್ನು ಹತ್ತು ಕಿಲೋಮೀಟರ್ ಆಚೆಯೇ ಇಡುವುದು ಅದಕ್ಕೆ ಕೊಡುವ ಮರ್ಯಾದೆ ಅಂತ ನಾನು ನಂಬಿದ್ದೇನೆ. ರೈಲು ನಾಗನಹಳ್ಳಿ ಬಿಟ್ಟು ಮೈಸೂರಿನ ಕಡೆ ತಿರುಗಿದಾಗ ಇಂಜಿನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದರೆ, ಆ ಮೂರು ಸೆಂಟಿಮೀಟರ್ ಸಾಕಷ್ಟು ದೊಡ್ಡದು.

ಈಗ ಉಳಿದಿರುವುದು ಶ್ರೀರಂಗಪಟ್ಟಣದ ಭಾಗ. ಕಾವೇರಿ ಎರಡು ಕವಲು, ಎರಡು ಸೇತುವೆ, ನಡುವೆ ದ್ವೀಪ, ರಂಗನಾಥನ ಗೋಪುರ, ಆಚೆ ಕರಿಘಟ್ಟ. ಫೆಬ್ರವರಿಯ ನದಿ ಅಂದರೆ ಬಂಡೆಗಳ ನಡುವೆ ಹರಿಯುವ ನೀರು. ಅದನ್ನು ಹಲಗೆ ಮೇಲೆ ಎಲ್ಲಿವರೆಗೆ ಬರೆಯುವುದು, ಮೇಜಿನ ಮೇಲೆ ಎಲ್ಲಿಂದ ಶುರು ಮಾಡುವುದು ಅಂತ ಇನ್ನೂ ಜಗಳ ನಡೆದಿದೆ. ಜೋಡಿ ಹಳಿ ಹಾಕುವಾಗ ಅಲ್ಲಿ ತುಂಬ ಬದಲಾಗಿದೆ. ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನೇ 2017ರಲ್ಲಿ ಇದ್ದ ಹಾಗೆ ಸರಿಸಿ ಇಟ್ಟರಲ್ಲ. ಈಗ ಹೋಗಿ ನೋಡಿ 1980ರ ದಶಕ ಬರೆಯಲು ಆಗದು.

ಅದಕ್ಕೇ ಒಂದು ಕೋರಿಕೆ. ನಿಮ್ಮ ಮನೆಯ ಆಲ್ಬಂಗಳಲ್ಲಿ ಮೀಟರ್ ಗೇಜ್ ಕಾಲದ ಶ್ರೀರಂಗಪಟ್ಟಣ ಅಥವಾ ಪಾಂಡವಪುರ ಸ್ಟೇಷನ್ನಿನ ಫೋಟೋ ಇದ್ದರೆ ತೋರಿಸಿ. ಇಂಜಿನ್ ಫೋಟೋಗಳು ಬೇಕಾದಷ್ಟಿವೆ. ಅವುಗಳಲ್ಲಿ ಇಂಜಿನ್ನೇ ತುಂಬಿಕೊಂಡು ಹಿಂದಿನದೆಲ್ಲ ಕತ್ತರಿಸಿಹೋಗಿರುತ್ತದೆ. ನನಗೆ ಬೇಕಾದದ್ದು ಅಜ್ಜಿ ತಾತ ಪ್ಲಾಟ್‌ಫಾರಂ ಮೇಲೆ ನಿಂತು ತೆಗೆಸಿಕೊಂಡ ಫೋಟೋ. ಮದುವೆ ದಿಬ್ಬಣದವರು ರೈಲಿಗೆ ಕಾಯುತ್ತಿರುವ ಫೋಟೋ. ಅವರ ಹೆಗಲ ಹಿಂದೆ ಒಂದು ತುಂಡು ಆಕಾಶ, ಒಂದು ಸಾಲು ಮರ ಸಿಕ್ಕಿರುತ್ತದೆ. ಆ ಕಾಲದ ಕಲರ್ ಪ್ರಿಂಟ್‌ಗಳು ಈಗ ಕೆಂಪಗೆ ತಿರುಗಿರುತ್ತವೆ, ಅದು ಪರವಾಗಿಲ್ಲ. ಬಣ್ಣ ನಾನು ಹೋಗಿ ನೋಡಿಕೊಂಡು ಬರುತ್ತೇನೆ. ತೋಟ ಎಲ್ಲಿಗೆ ಮುಗಿಯುತ್ತಿತ್ತು, ಗದ್ದೆ ಎಲ್ಲಿಂದ ಶುರುವಾಗುತ್ತಿತ್ತು ಅಂತ ಗೊತ್ತಾದರೆ ಸಾಕು.